ಅಡಿಗೆಗೆ ತಕ್ಕ ಕೋಳಿ, ಗೂಡಿಗೆ ತಕ್ಕ ಹುಂಜ



"ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?" ಎಂಬ ಗಾದೆ ನಿಮಗೆ ಗೊತ್ತೇ ಇದೆ. ಕೋಳಿಯನ್ನು ಕೇಳುವ ಅಗತ್ಯವಿಲ್ಲ, ನಿಜ. ಆದರೆ ಕೋಳಿಯನ್ನು ನೋಡಿ ಮಸಾಲೆ ಅರೆಯುವುದು ಜಾಣತನ. ರೊಟ್ಟಿಗೆ ಯಾವ ಜೋಳ, ಅರಳಿಗೆ ಯಾವ ಜೋಳ, ಸೀತನಿಗೆ ಯಾವ ಹಂತದ ತೆನೆ ಎಂಬುದನ್ನು ಬೈಲಹೊಂಗಲ, ಸವದತ್ತಿ, ರಾಮದುರ್ಗ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾಲದಂಡಿಯ ರೊಟ್ಟಿ ಹೇಗಿರುತ್ತದೆ, ಮಳೆಗೆ ಸಿಕ್ಕ ಮುಂಗಾರಿ ಜೋಳದ ರೊಟ್ಟಿ ಹೇಗಿರುತ್ತದೆ ಎಂಬುದನ್ನು ಅವರು ಹಿಟ್ಟು ಮುಟ್ಟಿಯೇ ಹೇಳಬಲ್ಲರು. ಇಷ್ಟು ಸೂಕ್ಷ್ಮವಾಗಿ ಕಾಳನ್ನು ಬಲ್ಲವರು ಕೋಳಿಯ ವಿಷಯಕ್ಕೆ ಬಂದಾಗ ಮಾತ್ರ ಕೈಗೆ ಸಿಕ್ಕಿದ್ದನ್ನು ಹಿಡಿದು ಕೊಯ್ಯುತ್ತಾರೆ. ಸುಡಬೇಕಾದ ಕೋಳಿಯನ್ನು ಕುದಿಸುತ್ತಾರೆ, ಕುದಿಸಬೇಕಾದದ್ದನ್ನು ಸುಡುತ್ತಾರೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ರಾಮದುರ್ಗ ಕಡೆಯ ಒಂದು ಹಳ್ಳಿಯಲ್ಲಿ ಹಿಂಗಾರಿ ಜೋಳದ ಪ್ರಾತ್ಯಕ್ಷಿಕೆಯ ಕಟಾವು ಮುಗಿದ ಸಂಜೆ, ಹೊಲದಲ್ಲೇ ಕೋಳಿ ಸುಡೋಣವೆಂದು ಉತ್ಸಾಹ ತೋರಿದವನು ನಾನೇ. ಸಂತೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹುಂಜವನ್ನು ಆರಿಸಿ, ಕೇಳಿದಷ್ಟು ಹಣ ಕೊಟ್ಟು ತಂದಿದ್ದೆ. ಒಂದೂವರೆ ಗಂಟೆ ಸುಟ್ಟರೂ ಹೊರಗೆ ಇದ್ದಿಲು, ಒಳಗೆ ಚಕ್ಕಡಿಯ ಮಿಣಿಯಂಥ ಮಾಂಸ. ಮನೆಯ ಹಿರಿಯ ತಾಯಿ ಅದನ್ನು ನೋಡಿ, "ಸಾಹೇಬರ, ಇದು ಎರಡು ವರ್ಷದ ಹುಂಜ. ಇದು ಬೋಗುಣಿಯಾಗ ಬೀಳೂ ಕೋಳಿ, ಬೆಂಕಿಯಾಗ ಬೀಳೂದಲ್ಲ" ಎಂದರು. ನನ್ನ ಶಾಸ್ತ್ರ ಬೇಸಾಯ ಶಾಸ್ತ್ರ. ಆದರೂ ಆ ಮಾತಿನ ಹಿಂದಿನ ಕಾರಣವನ್ನು ಪಶು ವಿಜ್ಞಾನದ ಗೆಳೆಯರಿಂದ ಕೇಳಿ ತಿಳಿದು, ಹಳ್ಳಿಯ ಅನುಭವಿಗಳ ಮಾತಿನೊಂದಿಗೆ ಹೋಲಿಸಿ ನೋಡಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಭಾಗದಲ್ಲಿ ಮಾಂಸಾಹಾರವಿಲ್ಲದ ಮನೆಗಳು ಬಹಳ. ಅಂಥ ಓದುಗರು ಪುಟ ತಿರುವಬೇಕಾಗಿಲ್ಲ. ಕೊನೆಯಲ್ಲಿ ಹೇಳುವ ಮಾತು ಬೀಜದ ಆಯ್ಕೆಗೆ ಸಂಬಂಧಿಸಿದ್ದು. ಅದು ಎಲ್ಲ ರೈತರಿಗೂ ಸೇರಿದ್ದು.

ಮಾಂಸ ಗಟ್ಟಿಯಾಗಲು ಕಾರಣವೇನು?

ಕೋಳಿಯ ಮಾಂಸವೆಂದರೆ ಸಣ್ಣ ಸಣ್ಣ ಎಳೆಗಳ ಕಟ್ಟು. ಈ ಎಳೆಗಳನ್ನು ಹಗ್ಗದಂತೆ ಬಿಗಿದು ಹಿಡಿದಿರುವ ಒಂದು ಬಗೆಯ ನಾರು ಇರುತ್ತದೆ. ಇದಕ್ಕೆ ಕೊಲ್ಯಾಜೆನ್ ಎಂದು ಹೆಸರು. ಎಳೆಯ ಕೋಳಿಯಲ್ಲಿ ಈ ನಾರು ಸಡಿಲವಾಗಿರುತ್ತದೆ ಮತ್ತು ಸ್ವಲ್ಪ ಕಾವಿಗೇ ಕರಗುತ್ತದೆ. ಕೋಳಿಗೆ ವಯಸ್ಸಾದಂತೆ ನಾರಿನ ಎಳೆ ಎಳೆಗಳ ನಡುವೆ ಗಂಟುಗಳು ಬಿದ್ದು ಗಟ್ಟಿಯಾಗುತ್ತದೆ. ದಿನವಿಡೀ ಹೊಲ, ತಿಪ್ಪೆ, ಕಣ ತಿರುಗಿ ಕೆದರಿ ತಿನ್ನುವ ಕೋಳಿಯ ತೊಡೆ ಮತ್ತು ಕಾಲಿನ ಮಾಂಸವೂ ದುಡಿದು ಬಿಗಿಯಾಗಿರುತ್ತದೆ.

ಈ ನಾರನ್ನು ಕರಗಿಸಲು ಎರಡು ವಸ್ತುಗಳು ಬೇಕು: ನೀರು ಮತ್ತು ಸಮಯ. ನೀರಿನಲ್ಲಿ ನಿಧಾನವಾಗಿ ಬೇಯಿಸಿದಾಗ ನಾರು ಕರಗಿ ಜೆಲಾಟಿನ್ ಎಂಬ ಅಂಟಿನಂಥ ವಸ್ತುವಾಗುತ್ತದೆ. ಜವಾರಿ ಕೋಳಿಯ ಸಾರು ಆರಿದಾಗ ಗಟ್ಟಿಯಾಗುವುದೂ, ತುಟಿಗೆ ಅಂಟುವುದೂ ಇದರಿಂದಲೇ. ನೀರಿಲ್ಲದೆ ಕೆಂಡದ ಮೇಲೆ ಸುಟ್ಟರೆ ಅಥವಾ ಎಣ್ಣೆಯಲ್ಲಿ ಕರಿದರೆ, ನಾರು ಕರಗುವ ಮೊದಲೇ ಮಾಂಸದ ಎಳೆಗಳು ನೀರು ಬಿಟ್ಟು ಮುದುಡಿಕೊಳ್ಳುತ್ತವೆ. ನನ್ನ ಹುಂಜಕ್ಕೆ ಆದದ್ದು ಇದೇ.

ಒಂದೇ ಕೋಳಿಯ ಎಲ್ಲ ಭಾಗಗಳೂ ಒಂದೇ ತೆರನಾಗಿ ಬೇಯುವುದಿಲ್ಲ. ಎದೆಯ ಮಾಂಸ ಬೆಳ್ಳಗೆ, ಕೊಬ್ಬು ಕಡಿಮೆ. ಬೇಗ ಬೇಯುತ್ತದೆ, ಹೆಚ್ಚು ಬೆಂದರೆ ಹಿಂಡಿದ ಹತ್ತಿಯಂತಾಗುತ್ತದೆ. ತೊಡೆ ಮತ್ತು ಕಾಲಿನ ಮಾಂಸ ಕಪ್ಪು ಮಿಶ್ರಿತ ಕೆಂಪು. ಹೆಚ್ಚು ಹೊತ್ತು ತಡೆಯುತ್ತದೆ, ರುಚಿಯೂ ಹೆಚ್ಚು. ಆದ್ದರಿಂದ ಎದೆಯ ತುಂಡುಗಳನ್ನು ದೊಡ್ಡದಾಗಿಯೂ ಕಾಲಿನ ತುಂಡುಗಳನ್ನು ಚಿಕ್ಕದಾಗಿಯೂ ಮಾಡಿದರೆ ಎಲ್ಲವೂ ಒಟ್ಟಿಗೆ ಬೇಯುತ್ತವೆ.

ಇಲ್ಲಿ ನೆನಪಿಡಬೇಕಾದ ಮುಖ್ಯ ಅಂಶವೆಂದರೆ, ಅಡಿಗೆಯನ್ನು ನಿರ್ಧರಿಸುವುದು ಕೋಳಿಯ ಹೆಸರಲ್ಲ, ಅದರ ವಯಸ್ಸು ಮತ್ತು ದುಡಿಮೆ.

ನಮ್ಮಲ್ಲಿ ದೊರೆಯುವ ಕೋಳಿಗಳು

1. ಬ್ರಾಯ್ಲರ್: ಮಾಂಸಕ್ಕೆಂದೇ ಬೆಳೆಸಿದ ಬಿಳಿ ಕೋಳಿ. ಸುಮಾರು 35ರಿಂದ 42 ದಿನಗಳಲ್ಲಿ 2 ಕಿಲೋ ತೂಗುತ್ತದೆ. ಹಾರ್ಮೋನು ಚುಚ್ಚಿ ಬೆಳೆಸುತ್ತಾರೆಂಬ ಮಾತು ಹಳ್ಳಿಗಳಲ್ಲಿದೆ. ಅದು ಸರಿಯಲ್ಲ. ಹತ್ತಾರು ವರ್ಷಗಳ ತಳಿ ಆಯ್ಕೆ ಮತ್ತು ಸಮತೋಲನ ಆಹಾರದ ಫಲವೇ ಈ ಬೆಳವಣಿಗೆ. ಒಂದೂವರೆ ತಿಂಗಳ ಮರಿಯಾದ್ದರಿಂದ ಮಾಂಸ ಬಹಳ ಮೃದು, ಆದರೆ ಸಾರಿಗೆ ಕಸುವು ಕಡಿಮೆ.

2. ಜವಾರಿ ಕೋಳಿ: ಬೆಳಗಾವಿ ಕಡೆ ಇದನ್ನೇ ಗಾವಟಿ ಕೋಳಿ ಎನ್ನುವರು. ತಾನೇ ಮೇದು, ತಾನೇ ಕಾವು ಕೂತು, ತಾನೇ ಮರಿ ಮಾಡುವ ಕೋಳಿ. ಹುಂಜವು 5ರಿಂದ 6 ತಿಂಗಳಿಗೆ ಸುಮಾರು ಒಂದೂಕಾಲು ಕಿಲೋದಿಂದ ಒಂದೂವರೆ ಕಿಲೋ ತೂಗುತ್ತದೆ. ಬೆಳವಣಿಗೆ ನಿಧಾನ, ಮಾಂಸ ಬಿಗಿ, ರುಚಿ ಹೆಚ್ಚು.

3. ಸುಧಾರಿತ ಹಿತ್ತಲ ಕೋಳಿಗಳು: ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮತ್ತು ಅನಂತರ ಬಂದ ಸ್ವರ್ಣಧಾರಾ ಈ ಗುಂಪಿಗೆ ಸೇರಿವೆ. ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ ಮತ್ತು ಗ್ರಾಮಪ್ರಿಯ ತಳಿಗಳೂ ಇವೆ. ಬಣ್ಣದ ಪುಕ್ಕ, ಜವಾರಿಗಿಂತ ವೇಗದ ಬೆಳವಣಿಗೆ, ಹೆಚ್ಚು ತತ್ತಿ ಇವುಗಳ ಗುಣ. ಆದರೆ ಇವುಗಳ ಹೇಂಟೆ ಕಾವಿಗೆ ಕೂಡುವುದು ಅಪರೂಪ. ಮಾಂಸದ ಬಿಗಿ ಜವಾರಿ ಮತ್ತು ಬ್ರಾಯ್ಲರ್‌ಗಳ ನಡುವಿನದು.

4. ತತ್ತಿ ಫಾರಂನ ಹಳೆಯ ಕೋಳಿ: ವರ್ಷಕ್ಕೂ ಹೆಚ್ಚು ಕಾಲ ತತ್ತಿಯಿಟ್ಟು ಇಳುವರಿ ತಗ್ಗಿದ ಮೇಲೆ ಮಾರುವ ಹೇಂಟೆ. ಬೆಲೆ ಕಡಿಮೆ. ಹುರಿಯಲು ಬಾರದು, ಆದರೆ ಸಾರು ಮತ್ತು ಖೀಮಾಕ್ಕೆ ಚೆನ್ನಾಗಿ ಒದಗುತ್ತದೆ.

ಬಣ್ಣದ ಪುಕ್ಕವಿದ್ದ ಮಾತ್ರಕ್ಕೆ ಕೋಳಿ ಜವಾರಿಯಲ್ಲ. ಫಾರಂನಲ್ಲಿ ಬೆಳೆದ ಬಣ್ಣದ ಕ್ರಾಸ್ ಕೋಳಿಯನ್ನು ಜವಾರಿ ಎಂದು ಹೇಳಿ ಜವಾರಿ ದರಕ್ಕೆ ಮಾರುವುದುಂಟು. ಹಾಗೆಯೇ ಕೊಬ್ಬು ಹಳದಿಯಾಗಿದ್ದರೆ ಜವಾರಿ, ಬಿಳಿಯಾಗಿದ್ದರೆ ಫಾರಂ ಎಂಬ ನಂಬಿಕೆಯೂ ಸರಿಯಲ್ಲ. ಹಳದಿ ಗೋವಿನಜೋಳದಲ್ಲಿರುವ ಬಣ್ಣದ ಅಂಶವು ಕೋಳಿಯ ಕೊಬ್ಬಿಗೂ ತತ್ತಿಯ ಭಂಡಾರಕ್ಕೂ ಇಳಿಯುತ್ತದೆ. ಬಿಳಿ ಜೋಳದಲ್ಲಿ ಆ ಅಂಶ ಬಹಳ ಕಡಿಮೆ. ಕಿತ್ತೂರು ಕಡೆ ಗೋವಿನಜೋಳ ತಿಂದ ಕೋಳಿಯ ಕೊಬ್ಬು ಹಳದಿಯಾಗಿಯೂ, ರಾಮದುರ್ಗದ ಜೋಳದ ಕಣದಲ್ಲಿ ಮೇದ ಕೋಳಿಯ ಕೊಬ್ಬು ತಿಳಿಯಾಗಿಯೂ ಇದ್ದರೆ ಆಶ್ಚರ್ಯವಿಲ್ಲ. ಎರಡೂ ಜವಾರಿಯೇ ಇರಬಹುದು.

ವಯಸ್ಸನ್ನು ಗುರುತಿಸುವ ಬಗೆ

ಎತ್ತಿನ ಹಲ್ಲು ನೋಡದೆ ಯಾರೂ ಜೋಡಿ ಕೊಳ್ಳುವುದಿಲ್ಲ. ಕೋಳಿಗೆ ಹಲ್ಲಿಲ್ಲ, ಆದರೆ ನೋಡಲು ಬೇರೆ ಗುರುತುಗಳಿವೆ.

ಎದೆಯ ಎಲುಬು: ಎದೆಯ ಕೆಳಗೆ ದೋಣಿಯ ತಳದಂತೆ ಚಾಚಿರುವ ಎಲುಬಿನ ಹಿಂದಿನ ತುದಿಯನ್ನು ಬೆರಳಿನಿಂದ ಒತ್ತಿ ನೋಡಿರಿ. ಕಿವಿಯ ಹಾಲೆಯಂತೆ ಬಾಗಿದರೆ ಎಳೆಯ ಕೋಳಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ ಬಲಿತದ್ದು. ಇದು ಎಲ್ಲಕ್ಕಿಂತ ನಂಬಬಹುದಾದ ಗುರುತು.

ಕಾಲಿನ ಮುಳ್ಳು: ಹುಂಜದ ಕಾಲಿನ ಹಿಂಬದಿಯ ಮುಳ್ಳು ಗುಂಡಿಯಂತೆ ಚಿಕ್ಕದಾಗಿದ್ದರೆ ಆರು ತಿಂಗಳ ಒಳಗಿನದು. ಉದ್ದವಾಗಿ ಚೂಪಾಗಿದ್ದರೆ ವರ್ಷ ದಾಟಿದ್ದು.

ಕಾಲಿನ ಹುರುಪೆ: ಎಳೆಯದರಲ್ಲಿ ನುಣುಪಾಗಿ ಹೊಳೆಯುತ್ತದೆ. ಹಳೆಯದರಲ್ಲಿ ಒರಟಾಗಿ, ಎದ್ದು ನಿಂತಿರುತ್ತದೆ.

ಉಗುರು: ಹೊರಗೆ ಕೆದರಿ ಮೇದ ಕೋಳಿಯ ಉಗುರು ಸವೆದು ಮೊಂಡಾಗಿರುತ್ತದೆ. ಫಾರಂನ ಮೆತ್ತನೆಯ ಹಾಸಿಗೆಯ ಮೇಲೆ ಬೆಳೆದದ್ದರ ಉಗುರು ಉದ್ದವಾಗಿ ಉಳಿದಿರುತ್ತದೆ. ಜವಾರಿ ಎಂದು ಹೇಳಿ ಮಾರುವ ಕೋಳಿಯ ಉಗುರನ್ನು ಒಮ್ಮೆ ನೋಡುವುದು ಒಳ್ಳೆಯದು.

ಆರೋಗ್ಯ: ಕಣ್ಣು ಚುರುಕಾಗಿ, ಜುಟ್ಟು ಕೆಂಪಾಗಿ, ಗುದದ ಸುತ್ತಲಿನ ಪುಕ್ಕ ಒಣಗಿ ಸ್ವಚ್ಛವಾಗಿರಬೇಕು. ಮಂಕಾಗಿ ನಿಂತ, ಬಾಯಿ ತೆರೆದು ಉಸಿರಾಡುವ, ಹಸಿರು ಅಥವಾ ಬಿಳಿ ಭೇದಿಯಿರುವ ಕೋಳಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು. ಕೊಕ್ಕರೆ ರೋಗ ಬಂದ ಊರಿನಿಂದ ಇಂಥ ಕೋಳಿಗಳು ಸಂತೆಗೆ ಬರುವುದುಂಟು. ಒಂದು ಅಗ್ಗದ ಕೋಳಿ ನಿಮ್ಮ ಓಣಿಯ ಎಲ್ಲ ಗೂಡುಗಳನ್ನೂ ಬರಿದು ಮಾಡಬಲ್ಲದು.

ಯಾವ ಅಡಿಗೆಗೆ ಯಾವ ಕೋಳಿ?

ಸುಡುವುದು, ತಂದೂರಿ, ಕಬಾಬ್: ಇವು ನೀರಿಲ್ಲದ, ಜೋರು ಕಾವಿನ, ಕಡಿಮೆ ಸಮಯದ ಅಡಿಗೆಗಳು. ಎಳೆಯ ಕೋಳಿಯೇ ಬೇಕು. ಬ್ರಾಯ್ಲರ್ ಇದಕ್ಕೆ ಸರಿಯಾದುದು. ಇಡಿಯಾಗಿ ಸುಡುವುದಾದರೆ ಚಿಕ್ಕ ಗಾತ್ರದ್ದನ್ನು ಆರಿಸಬೇಕು. ಜವಾರಿಯೇ ಬೇಕೆಂದರೆ ಮೂರು ತಿಂಗಳ ಆಸುಪಾಸಿನ ಮರಿಹುಂಜ ಮಾತ್ರ ಒದಗೀತು. ಮೊಸರು, ಉಪ್ಪು, ಬಳ್ಳೊಳ್ಳಿ, ಖಾರ ಹಚ್ಚಿ ಕೆಲವು ಗಂಟೆ ತಂಪಿನಲ್ಲಿಡಬೇಕು. ಹಿತ್ತಲಿನ ಹಸಿ ಪಪ್ಪಾಯಿಯನ್ನು ಅರೆದು ಒಂದು ಚಮಚ ಸೇರಿಸಿದರೆ ಅದರಲ್ಲಿರುವ ಪಪೇನ್ ಎಂಬ ಅಂಶವು ಮಾಂಸವನ್ನು ಮೆತ್ತಗೆ ಮಾಡುತ್ತದೆ. ಹೆಚ್ಚು ಹಾಕಿದರೆ ಅಥವಾ ರಾತ್ರಿಯಿಡೀ ಬಿಟ್ಟರೆ ಮಾಂಸ ಹಿಟ್ಟಾಗುತ್ತದೆ.

ಸುಕ್ಕಾ: ನಾಲ್ಕರಿಂದ ಐದು ತಿಂಗಳ ಜವಾರಿ ಹುಂಜ ಅಥವಾ ಎರಡೂವರೆಯಿಂದ ಮೂರು ತಿಂಗಳ ಗಿರಿರಾಜ ಇದಕ್ಕೆ ತಕ್ಕದ್ದು. ಮೊದಲು ಅರಿಷಿಣ, ಉಪ್ಪು ಸೇರಿಸಿ, ಮುಚ್ಚಳ ಮುಚ್ಚಿ, ಮಾಂಸ ತಾನೇ ಬಿಡುವ ನೀರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಸಾಲದಿದ್ದರೆ ಬಿಸಿನೀರು ಸೇರಿಸಬೇಕು. ಮಾಂಸ ಮೆತ್ತಗಾದ ಮೇಲೆಯೇ ಮಸಾಲೆ ಖಾರ ಮತ್ತು ಒಣಕೊಬ್ಬರಿ ಹಾಕಿ ನೀರನ್ನು ಹಿಂಗಿಸಬೇಕು. ಮೊದಲೇ ಹಿಂಗಿಸಿದರೆ ಬಾಯಿಗೆ ಸಿಗುವುದು ಬರೀ ನಾರು.

ರೊಟ್ಟಿಗೆ ಸಾರು: ಜವಾರಿ ಕೋಳಿಯ ನಿಜವಾದ ಸ್ಥಾನ ಇದು. ಆರು ತಿಂಗಳಿಂದ ಒಂದು ವರ್ಷದವರೆಗಿನ ಹುಂಜ ಉತ್ತಮ. ಬೋಗುಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಬೇಕಾಗಬಹುದು. ಎರಡು ವರ್ಷದ ಹುಂಜಕ್ಕೆ ಎರಡು ಗಂಟೆಯಾದರೂ ಬೇಕು. ಕುಕ್ಕರಿನಲ್ಲಿ ನೀರು 100 ಡಿಗ್ರಿಗಿಂತ ಹೆಚ್ಚು ಕಾಯುವುದರಿಂದ ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ, ಎಳ್ಳು, ಗಸಗಸಿಯ ಮಸಾಲೆಯನ್ನು ಮಾಂಸ ಮುಕ್ಕಾಲು ಬೆಂದ ಮೇಲೆ ಸೇರಿಸಬೇಕು. ಮೊದಲೇ ಸೇರಿಸಿದರೆ ಮಸಾಲೆ ತಳ ಹಿಡಿಯುತ್ತದೆ. ತಳ ಹಿಡಿಯಿತೆಂದು ಒಲೆ ಆರಿಸಿದರೆ ಮಾಂಸ ಬೇಯದೆ ಉಳಿಯುತ್ತದೆ. ಬ್ರಾಯ್ಲರ್‌ನಿಂದ ಸಾರು ಮಾಡುವುದಾದರೆ ಅರ್ಧ ಗಂಟೆ ಸಾಕು. ಹೆಚ್ಚು ಕುದಿಸಿದರೆ ಎಲುಬು ಬೇರೆ, ಮಾಂಸ ಬೇರೆಯಾಗುತ್ತದೆ.

ಬಿರ್ಯಾನಿ, ಪಲಾವ್: ಇಲ್ಲಿ ಅಕ್ಕಿ ಮತ್ತು ಮಾಂಸ ಒಂದೇ ಹೊತ್ತಿಗೆ ಬೆಂದು ಮುಗಿಯಬೇಕು. ದೊಡ್ಡ ತುಂಡಿನ ಬ್ರಾಯ್ಲರ್ ಅಥವಾ ಎರಡು ತಿಂಗಳ ಗಿರಿರಾಜ ಸರಿ. ಜವಾರಿ ಕೋಳಿ ಹಾಕುವುದಾದರೆ ಮೊದಲು ಪ್ರತ್ಯೇಕವಾಗಿ ಬೇಯಿಸಿ, ಅದರ ರಸವನ್ನೇ ಅಕ್ಕಿಗೆ ಅಳೆದು ಹಾಕಿರಿ.

ಖೀಮಾ: ಫಾರಂನ ಹಳೆಯ ಹೇಂಟೆಗೆ ಇದೇ ಒಳ್ಳೆಯ ದಾರಿ. ಕೊಚ್ಚಿದಾಗ ಗಟ್ಟಿ ನಾರು ತುಂಡಾಗುವುದರಿಂದ ಹಲ್ಲಿಗೆ ಕೆಲಸ ಉಳಿಯುವುದಿಲ್ಲ. ಉಳಿದ ಎಲುಬನ್ನು ಸಾರಿಗೆ ಬಳಸಬಹುದು.

ಕಾಯಿಲೆಯಿಂದ ಎದ್ದವರಿಗೆ ಸೂಪು: ಬಲಿತ ಕೋಳಿಯ ಎಲುಬಿನಿಂದ ರುಚಿಯಾದ ಸೂಪು ಬರುತ್ತದೆ. ಆದರೆ ಸತ್ವವೆಲ್ಲ ಸೂಪಿಗೆ ಇಳಿಯಿತೆಂದು ಮಾಂಸವನ್ನು ಬೇರೆಯವರಿಗೆ ಬಡಿಸುವುದು ತಪ್ಪು. ಸಸಾರಜನಕದ ಹೆಚ್ಚಿನ ಪಾಲು ಮಾಂಸದಲ್ಲಿಯೇ ಉಳಿದಿರುತ್ತದೆ. ಚೇತರಿಸಿಕೊಳ್ಳುತ್ತಿರುವವರಿಗೆ ಸೂಪಿನ ಜೊತೆಗೆ ಮೆತ್ತಗೆ ಬೆಂದ ಮಾಂಸವನ್ನೂ ಬಿಡಿಸಿ ಕೊಡಬೇಕು.

ಅಡಿಗೆ ಯಾವುದೇ ಇರಲಿ, ಮಾಂಸ ಪೂರ್ತಿ ಬೇಯಬೇಕು. ತುಂಡಿನ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರೋಗಾಣುಗಳು ಸಾಯುತ್ತವೆ. ಮನೆಯಲ್ಲಿ ಉಷ್ಣಮಾಪಕವಿಲ್ಲದಿದ್ದರೆ, ತೊಡೆಯ ದಪ್ಪ ಭಾಗವನ್ನು ಸೀಳಿ ನೋಡಿರಿ. ಒಳಗೆ ಹಸಿ ಕೆಂಪು ಉಳಿದಿರಬಾರದು, ರಸ ತಿಳಿಯಾಗಿರಬೇಕು. ಹೊಲದಲ್ಲಿ ಸುಡುವ ಕೋಳಿಯ ವಿಷಯದಲ್ಲಿ ಈ ಎಚ್ಚರಿಕೆ ಹೆಚ್ಚು ಬೇಕು.

ಕೊಯ್ಯುವ ಮೊದಲು ಮತ್ತು ನಂತರ

ಹಬ್ಬದ ಮರುದಿನದ ಕರಿಗೆ ಅಥವಾ ಬೀಗರ ಊಟಕ್ಕೆ ಕೋಳಿ ಬೇಕೆಂದು ಮೊದಲೇ ಗೊತ್ತಿದ್ದರೆ, ಎರಡು ವಾರ ಮುಂಚೆ ಆ ಹುಂಜವನ್ನು ತಿರುಗಾಡಲು ಬಿಡದೆ ಬೇರೆ ಗೂಡಿನಲ್ಲಿಟ್ಟು ಜೋಳದ ಅಥವಾ ಗೋವಿನಜೋಳದ ನುಚ್ಚು ಮತ್ತು ಶುದ್ಧ ನೀರು ಕೊಡಬೇಕು. ಓಡಾಟ ಕಡಿಮೆಯಾಗಿ ಮೈಯಲ್ಲಿ ಸ್ವಲ್ಪ ಕೊಬ್ಬು ಕೂಡುತ್ತದೆ, ಅಡಿಗೆಯ ರುಚಿ ಹೆಚ್ಚುತ್ತದೆ.

ಕಾಳಿನ ವಿಷಯದಲ್ಲಿ ಬೇಸಾಯದವನಾಗಿ ಮೂರು ಎಚ್ಚರಿಕೆಗಳನ್ನು ಹೇಳಲೇಬೇಕು. ಮೊದಲನೆಯದಾಗಿ, ಬಿತ್ತಿ ಉಳಿದ, ಔಷಧ ಲೇಪಿಸಿದ ಬೀಜವನ್ನು ಯಾವ ಕಾರಣಕ್ಕೂ ಕೋಳಿಗೆ ಹಾಕಬಾರದು. ತೊಳೆದು ಹಾಕುವುದೂ ಅಪಾಯವೇ. ಎರಡನೆಯದಾಗಿ, ಕಟಾವಿನಲ್ಲಿ ಮಳೆಗೆ ಸಿಕ್ಕು ಬೂಜು ಹಿಡಿದ ಗೋವಿನಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಕಿತ್ತೂರಿನಂಥ ಮಳೆ ಹೆಚ್ಚಿರುವ ಕಡೆ ಈ ಭಯ ಹೆಚ್ಚು. ಮನುಷ್ಯರು ತಿನ್ನಲಾರದ ಕಾಳು ಕೋಳಿಗಾದರೂ ಆದೀತು ಎನ್ನಬಾರದು. ಮೂರನೆಯದಾಗಿ, ಬೈಲಹೊಂಗಲ ಭಾಗದಲ್ಲಿ ಸೋಯಾಅವರೆ ಹೇರಳ. ಅದನ್ನು ಹಸಿಯಾಗಿ ಹಾಕಿದರೆ ಕೋಳಿಗೆ ಸಸಾರಜನಕ ಜೀರ್ಣವಾಗುವುದಿಲ್ಲ, ಬೆಳವಣಿಗೆ ಕುಂದುತ್ತದೆ. ಚೆನ್ನಾಗಿ ಹುರಿದು ಅಥವಾ ಬೇಯಿಸಿ ಹಾಕಬೇಕು.

ಕೊಯ್ಯುವ ಮುನ್ನ ಎಂಟು ಗಂಟೆ ಮೇವು ನಿಲ್ಲಿಸಿ ನೀರು ಮಾತ್ರ ಕೊಡಬೇಕು. ಮುಂಜಾನೆ ಓಣಿಯೆಲ್ಲ ಬೆನ್ನಟ್ಟಿ ಹಿಡಿಯುವುದಕ್ಕಿಂತ, ಹಿಂದಿನ ರಾತ್ರಿ ಕತ್ತಲೆಯಲ್ಲಿ ಸದ್ದಿಲ್ಲದೆ ಹಿಡಿದು ಬುಟ್ಟಿ ಮುಚ್ಚಿಡುವುದು ಲೇಸು. ಬೆದರಿ ಓಡಿದ ಕೋಳಿಯ ಮಾಂಸದ ಗುಣ ಕೆಡುತ್ತದೆ. ಔಷಧ ಕೊಟ್ಟ ಕೋಳಿಯನ್ನು, ಪಶುವೈದ್ಯರು ಹೇಳಿದ ದಿನಗಳು ಕಳೆಯುವವರೆಗೆ ತಿನ್ನಲೂ ಬಾರದು, ಮಾರಲೂ ಬಾರದು. ತಾನಾಗಿ ಸತ್ತ ಕೋಳಿಯನ್ನು ಸುಟ್ಟುಹಾಕಬೇಕು ಇಲ್ಲವೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಕೊಯ್ದ ಸ್ವಲ್ಪ ಹೊತ್ತಿನಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ. ನಾಲ್ಕಾರು ಗಂಟೆಗಳಲ್ಲಿ ಮತ್ತೆ ಸಡಿಲಾಗುತ್ತದೆ. ಮನೆಯಲ್ಲಿ ಫ್ರಿಜ್ ಇದ್ದು, ಕಬಾಬ್ ಅಥವಾ ಹುರಿಯುವ ಅಡಿಗೆ ಮಾಡುವುದಿದ್ದರೆ ಅಷ್ಟು ಹೊತ್ತು ಒಳಗಿಟ್ಟು ಬಳಸಿರಿ. ಫ್ರಿಜ್ ಇಲ್ಲದಿದ್ದರೆ ಕಾಯದೆ ಬೇಯಿಸಬೇಕು. ಬೇಸಿಗೆಯ ಬಿಸಿಲಿನಲ್ಲಿ ಹಸಿ ಮಾಂಸವನ್ನು ಗಂಟೆಗಟ್ಟಲೆ ಹೊರಗಿಡುವುದು ಸಲ್ಲದು. ಹಸಿ ಮಾಂಸ ಹೆಚ್ಚಿದ ಈಳಿಗೆ, ಚಾಕು, ಮಣೆಯನ್ನು ಬಿಸಿನೀರು ಮತ್ತು ಸಾಬೂನಿನಿಂದ ತೊಳೆಯದೆ ಅದರ ಮೇಲೆ ಸೌತೆಕಾಯಿ, ಉಳ್ಳಾಗಡ್ಡಿ ಹೆಚ್ಚಬಾರದು. ಮಾಂಸವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಹನಿಗಳು ಸುತ್ತಲೂ ಸಿಡಿಯುತ್ತವೆ. ಪಾತ್ರೆಯೊಳಗೆ ಮೆಲ್ಲಗೆ ತೊಳೆದು ಆ ನೀರನ್ನು ದೂರ ಚೆಲ್ಲಿರಿ.

ಬೀಜದ ತೆನೆಯನ್ನು ಉಣ್ಣಬೇಡಿರಿ

ಇನ್ನು ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ಹೊತ್ತು ಮುಳುಗುವಾಗ ಮನೆಗೆ ಬೀಗರು ಬರುತ್ತಾರೆ. ಒಂದು ಕೋಳಿ ಹಿಡಿಯಬೇಕು. ಯಾವುದು ಕೈಗೆ ಸಿಗುತ್ತದೆ? ಹುಂಜ ಮಾಳಿಗೆ ಏರಿರುತ್ತದೆ. ಪಡ್ಡೆ ಕೋಳಿಗಳು ಜಾಲಿಯ ಗಿಡ ಹತ್ತಿರುತ್ತವೆ. ಕೈಗೆ ಸಿಗುವುದು, ಮನೆಯಾಕೆ ಹಾಕುವ ಕಾಳಿಗೆ ಕಾಲ ಬುಡಕ್ಕೇ ಬರುವ, ಪಡಸಾಲೆಯ ಬುಟ್ಟಿಯಲ್ಲಿ ತತ್ತಿಯಿಡುವ ಹೇಂಟೆ. ಅಂದರೆ ಗೂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಲಾಭದ ಕೋಳಿ.

ಇದರ ಲೆಕ್ಕ ಹಾಕಿ ನೋಡೋಣ. ಒಳ್ಳೆಯ ಜವಾರಿ ಹೇಂಟೆ ವರ್ಷಕ್ಕೆ ಸುಮಾರು 50ರಿಂದ 60 ತತ್ತಿಯಿಡುತ್ತದೆ. ಮೂರು ಸಲ ಕಾವಿಗೆ ಕೂತು, ಸಲಕ್ಕೆ 10 ತತ್ತಿಯಲ್ಲಿ 8 ಮರಿಯಾದವು ಎಂದಿಟ್ಟುಕೊಳ್ಳಿ. 24 ಮರಿಗಳಲ್ಲಿ ಹದ್ದು, ಬೆಕ್ಕು, ರೋಗಕ್ಕೆ ಅರ್ಧ ಹೋದರೂ 12 ಕೋಳಿಗಳು ಉಳಿಯುತ್ತವೆ. ಮೇಲೆ 20ಕ್ಕೂ ಹೆಚ್ಚು ತತ್ತಿ ಮನೆಯ ಮಕ್ಕಳಿಗೆ. ಆ ಹೇಂಟೆಯನ್ನು ಕೊಯ್ದರೆ ಸಿಗುವ ಮಾಂಸ ಮುಕ್ಕಾಲು ಕಿಲೋ. ಆ ಹಣ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೈಯಲ್ಲಿರುವ ಹಣ. ಮಕ್ಕಳ ಪಾಟಿ ಪುಸ್ತಕಕ್ಕೂ, ಸಂತೆಯ ಚಿಲ್ಲರೆ ಖರ್ಚಿಗೂ ಒದಗುವ ಹಣ. ಒಂದು ರಾತ್ರಿಯ ಊಟಕ್ಕೆ ಅವರ ಒಂದು ವರ್ಷದ ಆದಾಯ ಹೋಗಬಾರದು.

ತತ್ತಿಯಿಡುವ ಹೇಂಟೆಯನ್ನು ಗುರುತಿಸುವುದು ಸುಲಭ. ಗುದದ ಎರಡೂ ಬದಿಗಿರುವ ಚೂಪಾದ ಎಲುಬುಗಳ ನಡುವೆ ಬೆರಳಿಟ್ಟು ನೋಡಿರಿ. ಎರಡು ಬೆರಳು ಅಥವಾ ಹೆಚ್ಚು ಅಂತರವಿದ್ದು, ಗುದ ಅಗಲವಾಗಿ ಹಸಿಯಾಗಿದ್ದು, ಜುಟ್ಟು ಕೆಂಪಾಗಿ ತುಂಬಿಕೊಂಡಿದ್ದರೆ ಅದು ತತ್ತಿಯಿಡುತ್ತಿದೆ. ಎಲುಬುಗಳು ಕೂಡಿಕೊಂಡು, ಗುದ ಒಣಗಿ, ಜುಟ್ಟು ಸುಕ್ಕುಗಟ್ಟಿದ್ದು, ಕಾವಿಗೂ ಕೂಡದೆ ಬಹುದಿನ ತತ್ತಿಯಿಡದೆ ಇರುವ ಹೇಂಟೆಯನ್ನು ಅಡಿಗೆಗೆ ತೆಗೆಯಬಹುದು.

ಹುಂಜದ ವಿಷಯ ಇದಕ್ಕಿಂತ ದೊಡ್ಡದು. ಹಬ್ಬ ಬಂದಾಗಲೆಲ್ಲ ನಾವು ಎಲ್ಲಕ್ಕಿಂತ ಬೇಗ ಬೆಳೆದ, ಮೈತುಂಬಿದ ಹುಂಜವನ್ನು ಕೊಯ್ಯುತ್ತೇವೆ ಅಥವಾ ಖಾನಾವಳಿಯವರಿಗೆ ಮಾರುತ್ತೇವೆ. ಬೆಳೆಯದ, ಬಡಕಲು ಹುಂಜ "ಇನ್ನಷ್ಟು ದಿನ ಇರಲಿ" ಎಂದು ಗೂಡಿನಲ್ಲಿ ಉಳಿಯುತ್ತದೆ. ಮುಂದಿನ ಮರಿಗಳಿಗೆಲ್ಲ ಅದೇ ತಂದೆಯಾಗುತ್ತದೆ. ಹತ್ತು ವರ್ಷ ಹೀಗೆ ಮಾಡಿದ ಮೇಲೆ "ಮೊದಲಿನಂಥ ಜವಾರಿ ಕೋಳಿ ಈಗ ಎಲ್ಲಿದಾವ್ರೀ?" ಎಂದು ಕೇಳುತ್ತೇವೆ. ಕಣದಲ್ಲಿ ದೊಡ್ಡ ತೆನೆಗಳನ್ನೆಲ್ಲ ಉಂಡು, ಜೊಳ್ಳು ತೆನೆಗಳನ್ನು ಬೀಜಕ್ಕೆ ತೆಗೆದಿಡುವ ರೈತನನ್ನು ನೀವು ಏನೆನ್ನುತ್ತೀರಿ? ಜೋಳದಲ್ಲಿ ನಾವು ಎಂದೂ ಮಾಡದ ತಪ್ಪನ್ನು ಕೋಳಿಯಲ್ಲಿ ಪ್ರತಿ ಹಬ್ಬಕ್ಕೂ ಮಾಡುತ್ತಿದ್ದೇವೆ.

ಆದ್ದರಿಂದ ಕೋಳಿಗಳಿಗೆ ನಾಲ್ಕು ತಿಂಗಳಾಗುವ ಹೊತ್ತಿಗೆ, ಅಡಿಗೆಯ ಮಾತು ಬರುವ ಮೊದಲೇ, ಬೀಜದ ಹುಂಜವನ್ನು ಆರಿಸಿ ಕಾಲಿಗೆ ಬಣ್ಣದ ದಾರ ಕಟ್ಟಿರಿ. ಬೇಗ ಬೆಳೆದ, ಕಾಲು ನೆಟ್ಟಗಿರುವ, ರೋಗಕ್ಕೆ ಬೀಳದ, ಹೆಚ್ಚು ತತ್ತಿಯಿಡುವ ತಾಯಿಯ ಮಗನನ್ನೇ ಆರಿಸಬೇಕು. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಒಂದೆರಡು ವರ್ಷಕ್ಕೊಮ್ಮೆ ಬೇರೆ ಊರಿನ ಒಳ್ಳೆಯ ಹುಂಜದೊಂದಿಗೆ ಬದಲು ಮಾಡಿಕೊಂಡರೆ ರಕ್ತಸಂಬಂಧದ ದೋಷ ತಪ್ಪುತ್ತದೆ. ಸವದತ್ತಿಯ ಬೀಗರು ಬಂದಾಗ ಕೋಳಿ ಕೊಯ್ದರಷ್ಟೇ ಸಾಲದು. ಹೋಗುವಾಗ ಒಂದು ಹುಂಜದ ಮರಿಯನ್ನು ಕೊಟ್ಟು, ಅವರ ಊರಿನಿಂದ ಒಂದನ್ನು ತರಿಸಿಕೊಳ್ಳಿರಿ. ಹಾಗೆ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆಯಾಗಿಟ್ಟು, ಆರೋಗ್ಯವಾಗಿದೆಯೆಂದು ಖಚಿತವಾದ ಮೇಲೆ ಗೂಡಿಗೆ ಬಿಡಬೇಕು. ದಾರ ಕಟ್ಟದ ಉಳಿದ ಹುಂಜಗಳನ್ನು ವಯಸ್ಸಿಗೆ ತಕ್ಕಂತೆ ಸುಕ್ಕಾಕ್ಕೋ ಸಾರಿಗೋ ಸಂತೆಗೋ ಕಳಿಸಿರಿ. ದಾರ ಕಟ್ಟಿದ ಹುಂಜ ಮುದಿಯಾದ ಮೇಲೆ, ಎರಡು ಗಂಟೆ ಕುದಿಸುವ ತಾಳ್ಮೆಯಿದ್ದರೆ, ಅದರ ಸಾರೂ ಚೆನ್ನಾಗಿರುತ್ತದೆ.

ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸದೆ ಈ ಯಾವ ಆಯ್ಕೆಯೂ ನಿಲ್ಲದು. ಮರಿಗಳಿಗೆ ಮೊದಲ ವಾರದಲ್ಲಿ, ಅನಂತರ ಎಂಟನೆಯ ವಾರದ ಹೊತ್ತಿಗೆ ಹಾಕಿಸುವ ಲಸಿಕೆಗಳ ವಿವರವನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ತಿಳಿಯಿರಿ. ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿನ ವಿಜ್ಞಾನಿಗಳನ್ನೂ ಕಾಣಬಹುದು.

ನೆನಪಿಡಬೇಕಾದ ಅಂಶಗಳು

1. ಎಳೆಯ ಕೋಳಿ ಬೆಂಕಿಗೆ, ನಡುವಯಸ್ಸಿನದು ಸುಕ್ಕಾಕ್ಕೆ, ಬಲಿತದ್ದು ಸಾರಿಗೆ, ಮುದಿಯಾದದ್ದು ಖೀಮಾಕ್ಕೆ ಅಥವಾ ಕುಕ್ಕರಿಗೆ.

2. ಬಣ್ಣ ನೋಡಿ ಕೊಳ್ಳಬೇಡಿರಿ. ಎದೆಯ ಎಲುಬು, ಕಾಲಿನ ಮುಳ್ಳು, ಉಗುರು ನೋಡಿ ಕೊಳ್ಳಿರಿ.

3. ಔಷಧ ಲೇಪಿಸಿದ ಬೀಜ, ಬೂಜು ಹಿಡಿದ ಕಾಳು, ಹಸಿ ಸೋಯಾಅವರೆ ಕೋಳಿಗೆ ಬೇಡ.

4. ಮಾಂಸದ ನಡುಭಾಗದವರೆಗೂ ಬೇಯಿಸಿರಿ. ರೋಗದ ಕೋಳಿಯನ್ನು ಕೊಳ್ಳಬೇಡಿರಿ, ಮಾರಬೇಡಿರಿ.

5. ತತ್ತಿಯಿಡುವ ಹೇಂಟೆ ಮತ್ತು ಬೀಜದ ಹುಂಜವನ್ನು ಮೊದಲು ಬದಿಗಿಟ್ಟು, ಉಳಿದವುಗಳಲ್ಲಿ ಅಡಿಗೆಯ ಕೋಳಿಯನ್ನು ಆರಿಸಿರಿ.

ಮುಂದಿನ ಸಲ ಬೀಗರು ಬಂದಾಗ, ಒಲೆ ಹೊತ್ತಿಸುವ ಮೊದಲು ಮನೆಯಾಕೆಯನ್ನು ಒಂದು ಮಾತು ಕೇಳಿರಿ: "ಯಾವುದನ್ನು ಹಿಡಿಯಲಿ?" ಗೂಡಿನ ಲೆಕ್ಕವನ್ನು ನಿಮಗಿಂತ ಆಕೆಯೇ ಚೆನ್ನಾಗಿ ಬಲ್ಲಳು.